ಹಿಂದಿನ ತಾರೀಕಿನ ರಾಜೀನಾಮೆ

ಮಾರ್ಚ್ ಹದಿನೆಂಟು, ಸೋಮವಾರ, ಬೆಳಗ್ಗೆ 10.20. ಠಾಣೆಗೆ ಬಂದ ವಕೀಲೆ, ಕೂರಿ ಎಂದರೂ ಕೂರಲಿಲ್ಲ. ಇನ್‌ಸ್ಪೆಕ್ಟರರ ಮೇಜಿನ ಮೇಲೆ ಒಂದು ಪತ್ರದ ಪ್ರತಿಯನ್ನು ಕುಕ್ಕಿದರು.

"ನಾನು ಪಾಲುದಾರಿಕೆ ಬಿಟ್ಟೆ ಅಂತ ಬರೆದಿದೆ. ನಾನು ಬರೆದಿಲ್ಲ, ಸಹಿ ನಂದಲ್ಲ. ಹದಿನಾಲ್ಕು ವರ್ಷ ದುಡಿದ ಕಚೇರಿಯಿಂದ ನನ್ನನ್ನ ಆಚೆ ಹಾಕಿದ್ದಾರೆ, ನನಗೇ ಗೊತ್ತಿಲ್ಲ!"

"ಎಲ್ಲಿ ಸಿಕ್ತು?"

"ರಿಜಿಸ್ಟ್ರಾರ್ ಹತ್ರ. ಹದಿನೈದಕ್ಕೆ ಸಲ್ಲಿಸಿದ್ದಾರೆ."

ಪಾಲುದಾರರು ಮೂವರು: ಕಚೇರಿ ಕಟ್ಟಿದ, ಎಪ್ಪತ್ತು ದಾಟಿದ ಹಿರಿಯ ವಕೀಲರು, ಅವರ ಅಳಿಯ, ಈಕೆ. ಕಚೇರಿ ಬೆಳೆದು ಉಳಿಯಬೇಕೆಂದು ಹೋದ ವರ್ಷ ಹೊಸ ಕರಾರು ಬರೆದವರು ಈಕೆಯೇ. ಎಂಟು ವರ್ಷ ದುಡಿದ ಕಿರಿಯರಿಗೆ ಪಾಲು, ತಲೆಗೊಂದು ಮತ, ಎಪ್ಪತ್ತು ತುಂಬಿದವರು ಮುಖ್ಯಸ್ಥನ ಕುರ್ಚಿ ಬಿಡಬೇಕು. ಮೂವರೂ ಸಹಿ ಹಾಕಿದ್ದರು. ಜಾರಿ ಏಪ್ರಿಲ್ ಒಂದಕ್ಕೆ. ಅಷ್ಟರೊಳಗೆ ಒಬ್ಬರು ಹೊರಬಿದ್ದರೂ ಹಳೆಯ ಕರಾರೇ ಗಟ್ಟಿ.

11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಅಳಿಯ ಮೊದಲ ಪ್ರಶ್ನೆಗೇ ಸಿಡಿದ. "ಆ ಕರಾರು ನನಗೂ ಇಷ್ಟ ಇರ್ಲಿಲ್ಲ. ಆದ್ರೆ ಕಳ್ಳಸಹಿ ಹಾಕೋ ಗತಿ ನನಗೆ ಬಂದಿಲ್ಲ!"

ಪತ್ರದ ತಾರೀಕು ಮಾರ್ಚ್ ಒಂಬತ್ತು. ಮುಖ್ಯಪೇದೆ ಅದನ್ನು ಬರೆದಿದ್ದ ಛಾಪಾ ಕಾಗದದ ಸಂಖ್ಯೆ ಹಿಡಿದು ಮಾರಾಟಗಾರನ ಅಂಗಡಿಗೆ ಹೋದರು. ಪುಸ್ತಕದ ಪ್ರಕಾರ ಆ ಹಾಳೆ ಮಾರಾಟವಾದದ್ದು ಹದಿನಾಲ್ಕರಂದು.

"ಕೊಂಡವರು ಯಾರು?"

"ಹಿರಿಯ ವಕೀಲರೇ. ಯಾವಾಗ್ಲೂ ಗುಮಾಸ್ತರು ಬರೋರು, ಅವತ್ತು ಅವರೇ ಬಂದ್ರು. ಅದಕ್ಕೇ ನೆನಪಿದೆ."

ಮಧ್ಯಾಹ್ನ 3.30ಕ್ಕೆ ಇಬ್ಬರು ಪಂಚರ ಎದುರು ಹಿರಿಯರ ಕೊಠಡಿಯ ಶೋಧ ನಡೆಯಿತು. ಮೇಜಿನ ಕೆಳಗಿನ ಡ್ರಾಯರಿನಲ್ಲಿ ಆರು ಹಾಳೆ. ತುಂಬ ವಕೀಲೆಯ ಸಹಿ, ಮೊದಲು ನಡುಗುತ್ತ, ಆಮೇಲೆ ಹದಕ್ಕೆ ಬಂದು. ಪಂಚನಾಮೆಯಲ್ಲಿ ಹಾಳೆಗಳನ್ನು ಜಪ್ತಿ ಮಾಡಲಾಯಿತು.

"ನಲವತ್ತು ವರ್ಷ ವಕಾಲತ್ತು ಮಾಡಿದೋರು ನೀವು. ಹದಿನಾಲ್ಕಕ್ಕೆ ಕೊಂಡ ಕಾಗದದ ಮೇಲೆ ಒಂಬತ್ತಕ್ಕೆ ಹೇಗೆ ಬರೆದ್ರಿ?" ಇನ್‌ಸ್ಪೆಕ್ಟರ್ ದನಿ ಏರಿತ್ತು.

ಹಿರಿಯರು ಮೇಜು ಗುದ್ದಿದರು. "ಅವಳಿಗೆ ಅರ್ಜಿ ಬರೆಯೋದು ಕಲಿಸಿದ್ದು ನಾನು! ಉಂಡ ಮನೆಗೇ ಎರಡು ಬಗೆದಳು. ನನ್ನನ್ನೇ ಮೂಲೆಗೆ ಕೂರಿಸೋ ಕರಾರು ಬರೆದಳು!"

ಬಾಗಿಲಲ್ಲಿ ನಿಂತಿದ್ದ ವಕೀಲೆ ಸುಮ್ಮನಿರಲಿಲ್ಲ. "ಎರಡು ಸಲ ಓದಿ ಸಹಿ ಹಾಕಿದ್ರಿ ಸರ್. ನೀವು ಹೋದ್ಮೇಲೂ ಕಚೇರಿ ಉಳೀಲಿ ಅಂತ ಬರೆದೆ. ನೀವು ನನ್ನ ಹೆಸರನ್ನೇ ಕದ್ರಿ!"

"ನಾನು ಹೋದ್ಮೇಲೆ, ನಾನು ಹೋದ್ಮೇಲೆ! ಒಂದು ವರ್ಷದಿಂದ ನನ್ನೆದುರಿಗೇ ಇದೇ ಮಾತು. ನಾನಿನ್ನೂ ಇದ್ದೀನಲ್ಲೇ!"

4.10ಕ್ಕೆ ಬಂಧನವಾಯಿತು.

ಠಾಣೆಯಲ್ಲಿ ಅವರು ಕೊಟ್ಟ ಹೇಳಿಕೆ ಒಂದೂವರೆ ಪುಟ. ಹೆಚ್ಚಿನದೆಲ್ಲ ಕಾನೂನಿನ ಭಾಷೆ. ಕೊನೆಗೊಂದು ಸಾಲನ್ನು ತಾವೇ ಹೇಳಿ ಬರೆಸಿದರು: ಏಪ್ರಿಲ್ ಒಂದರ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ನನಗೆ ತಿಳಿಯಲಿಲ್ಲ.