ಎಡಭುಜದ ಹತ್ತಿ

ಉಮಾದೇವಿ ತಂಗಿಯ ಚೂಡಿದಾರದ ಎಡಭುಜದೊಳಗೆ ಹತ್ತಿ ತುಂಬುತ್ತಿದ್ದಳು. ಹೆಚ್ಚಾದರೆ ಉಬ್ಬು ಕಾಣುತ್ತದೆ, ಕಡಿಮೆಯಾದರೆ ಇಳಿದ ಭುಜ ಕಾಣುತ್ತದೆ. ಚೂರು ಇಟ್ಟಳು, ಒತ್ತಿ ನೋಡಿದಳು, ಮತ್ತೆ ಚೂರು ತೆಗೆದಳು.

ಹದಿನಾಲ್ಕು ವರ್ಷದ ಪ್ರೀತಿಯ ಬೆನ್ನುಮೂಳೆ ಒಂದು ಕಡೆ ಬಾಗುತ್ತ ನಡೆದಿತ್ತು. ರಾಡು ಹಾಕಿ ಮೂಳೆ ಕೂಡಿಸಬೇಕು, ತಡ ಮಾಡಿದಷ್ಟೂ ಬಾಗುತ್ತದೆ ಎಂದಿದ್ದರು ಹೈದರಾಬಾದಿನ ಡಾಕ್ಟರು. ಬರುವ ಸೋಮವಾರ ಅಡ್ಮಿಟ್ ಮಾಡಬೇಕಿತ್ತು.

"ಟೈಲರ್ ಬಾಯಿ ಅದಾರೇನ್ರೀ?" ಬಾಗಿಲಲ್ಲಿ ಲಕ್ಷ್ಮಿಕಾಂತನ ದನಿ.

"ಇಲ್ರಿ. ಅಂಗಡಿ ಬಂದ್."

"ಬಂದ್ ಇದ್ರ ಟೈಲರ್ ಯಾಕ ನಗಲಿಕತ್ತಾರ?"

ಶಹಾಬಾದಿನ ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಅವನ ಕೆಲಸ. ಸಂಜೆಯ ಗಾಡಿಗೆ ವಾಡಿಯಲ್ಲಿ ಇಳಿದವನು ಮೊದಲು ಇಲ್ಲಿಗೇ ಬರುತ್ತಿದ್ದ. ಬಗ್ಗಿ, ಮಷೀನಿನ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದ. ಅವಳ ಕೂದಲಿಗೆ ಅಂಟಿದ್ದ ನೂಲಿನ ಎಳೆಯೊಂದನ್ನು, ಕೂದಲಿಗೆ ಬೆರಳು ತಾಗದ ಹಾಗೆ, ಮೆಲ್ಲಗೆ ತೆಗೆದ. ಆ ಜಾಗರೂಕತೆಯನ್ನೇ ಅವಳು ಪ್ರೀತಿಸಿದ್ದಳು.

"ಅವ್ವ ಒಪ್ಪ್ಯಾಳ," ಎಂದ. "ಬರೋ ಗುರುವಾರ ನಿಶ್ಚಯ."

ಎಷ್ಟು ಕಾದ ಮಾತು ಅದು. ಉಮಾಳ ಕೈಯ ಹತ್ತಿ ಮಡಿಲಿಗೆ ಬಿತ್ತು.

"ಅದೇ ವಾರ ಸೋಮವಾರ ಪ್ರೀತಿಗ ಅಡ್ಮಿಟ್ ಮಾಡಬೇಕಲ್ರೀ."

"ಅದು ಲಗ್ನ ಆದ ಮ್ಯಾಲ ಮಾಡ್ಸೋಣು. ದೀಪಾವಳಿ ಕಳೀಲಿ."

"ಡಾಕ್ಟರು ತಡ ಬ್ಯಾಡ ಅಂದಾರ."

"ನನಗೇನೂ ಇಲ್ಲ, ಉಮಾ. ಅವ್ವಗ ಗೊತ್ತಾದ್ರ ಮನೆತನದಾಗೇ ಅದ ಅಂತಾಳ. ನಾಳಿ ನಮ್ಮ ಮಕ್ಕಳಿಗೂ ಬರ್ತದ ಅಂತಾಳ. ಸಾಲಿ ಬ್ಯಾಗಿನ ಭಾರಕ್ಕ ಭುಜ ಇಳದದ ಅಂತ ಹೇಳಿ ಇಟ್ಟೀನಿ." ಅವನು ನಕ್ಕ. ಆ ನಗು ಈಗಲೂ ಚೆಂದವೇ ಇತ್ತು.

"ಅವರು ಹೇಳೋದೂ ಖರೆ ಅದ," ಒಳಗಿನಿಂದ ಉಮಾಳ ತಾಯಿ ನೀಲಾಬಾಯಿ ಅಂದಳು. "ನಾಕು ತಿಂಗಳಿಗೆ ಏನಾಗ್ತದ?"

ಪ್ರೀತಿ ಚಹಾ ತಂದಳು. "ಏನ್ ಮಾವ, ದಾರ ಹಾಕಿದ ಪಗಾರ ಕೇಳ್ಲಿಕ್ಕೆ ಬಂದೀರೇನು?"

"ಪಗಾರಕ್ಕ ನಿಮ್ಮಕ್ಕನ್ನೇ ಒಯ್ಯಾಕತ್ತೀನಲ್ಲ!"

ಎಲ್ಲರೂ ನಕ್ಕರು. ಆಮೇಲೆ ಅವನು ಅಷ್ಟೇ ಅಕ್ಕರೆಯಿಂದ ಹೇಳಿದ: "ಪ್ರೀತಿ, ಗುರುವಾರ ಮಾತ್ರ ಚಹಾ ನೀ ತರಬ್ಯಾಡ. ಒಳಗ ಕುಂದ್ರು. ಯಾರರ ಬಂದ್ರ ಜಡಿ ಈ ಕಡಿ ಹಾಕ್ಕೋ."

"ಹೂಂ ಮಾವ." ಅವಳು ಆಗಲೇ ಜಡೆಯನ್ನು ಎಡಭುಜದ ಮೇಲೆ ಎಳೆದುಕೊಂಡಳು. "ಹಿಂಗೇನ್ರಿ?"

"ಭೇಷ್!"

ಹುಡುಗಿಯ ಮುಖದಲ್ಲಿ ಬೇಸರವಿರಲಿಲ್ಲ. ಹೊಸ ಪಾಠ ಬೇಗ ಕಲಿತ ಹೆಮ್ಮೆಯಿತ್ತು. ಉಮಾ ಅದನ್ನು ನೋಡಿದಳು. ನೂಲು ತೆಗೆದ ಬೆರಳುಗಳನ್ನೂ ನೋಡಿದಳು. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು.

ಲಕ್ಷ್ಮಿಕಾಂತ ಮೊಬೈಲ್ ಅವಳ ಮುಂದೆ ಹಿಡಿದ. "ನಿಶ್ಚಯಕ್ಕ ಯಾವ ಸೀರಿ? ಹಸರೋ, ಕೆಂಪೋ?"

"ಹಸರು. ನಿಮಗ ಹಸರು ಭಾಳ ಸೇರ್ತದಲ್ಲ."

ಅವನ ಮುಖ ಅರಳಿತು. ಅರಳಲಿ ಎಂದುಕೊಂಡಳು. ಗುರುವಾರ ಆ ಸೀರೆ ಹಿಡಿದು ಅವನ ಮನೆಯವರು ಬರುವ ಹೊತ್ತಿಗೆ ಅವಳು ಹೈದರಾಬಾದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಸೋಮವಾರ ನಸುಕಿನ ಗಾಡಿಗೆ ಅಕ್ಕ ತಂಗಿ ಇಬ್ಬರೇ ಹೊರಡುವುದು. ತಾಯಿಗೂ ಹೇಳುವುದಿಲ್ಲ.

ಅವನು ಹೊರಡಲು ಎದ್ದ.

"ಇನ್ನೊಂದೀಟು ಕುಂದ್ರಿ," ಎಂದಳು ಉಮಾ.