ಚುಂಗ್ ಅಜ್ಜಿಯ ಗಂಡನ ಮೂಳೆಗಡಿಗೆ

“ಗಡಿಗೆ ಮುಟ್ಬೇಡ ಮಗಾ,” ಎಂದಳು ಮುದುಕಿ ಚುಂಗ್ ಶ್ಯೂಮೇ. “ಒಳಗೆ ನನ್ನ ಗಂಡ ಕೂತವ್ರೆ. ಎತ್ತಲೇಬೇಕಂದ್ರೆ ದಿನ ನೋಡಿ ನಾನೇ ಎತ್ತಿಸ್ತೀನಿ. ಹೆಚ್ಚುಕಮ್ಮಿ ಆದ್ರೆ ಎತ್ತಿದೋನ ಮನೇಲಿ ಯಾರೂ ಎದ್ದು ನಿಲ್ಲಲ್ಲ.”

ದಕ್ಷಿಣ ಚೀನಾದ ಗಾಂಜೋ ಪಟ್ಟಣದಿಂದ ಗಣಿ ಕೆಲಸಕ್ಕೆ ಬಂದಿದ್ದ ಎಂಜಿನಿಯರ್ ಲಾಯ್ ಯಾನ್‌ಶೆಂಗ್ ನಕ್ಕ. “ಅಜ್ಜಿ, ನಿಮ್ಮ ಯಜಮಾನ್ರಿಗೆ ಗುಡ್ಡ ಬೇಕು, ನಂಗೆ ಗುಡ್ಡದ ಮಣ್ಣು ಬೇಕು. ಸ್ವಲ್ಪ ಸರಿದು ಕೂರೋಕೆ ಹೇಳಿ.”

ಆ ಕೆಂಪು ಜೇಡಿಮಣ್ಣಿನಲ್ಲಿ ಅಪರೂಪದ ಲೋಹಗಳಿದ್ದವು. ಗುಡ್ಡದ ನೆತ್ತಿಗೆ ತೂತು ಕೊರೆದು ಆಸಿಡ್ ನೀರು ಬಿಟ್ಟರೆ ಲೋಹ ಕರಗಿ ಬುಡದ ತೊಟ್ಟಿಗೆ ಇಳಿಯುತ್ತಿತ್ತು. ಅಲ್ಲಿ ಇನ್ನೊಂದು ಆಸಿಡ್ ಸುರಿದರೆ ಬಿಳಿ ಹಿಟ್ಟಾಗಿ ತಳಕ್ಕೆ ಕೂರುತ್ತಿತ್ತು. ತೂತು ಕೊರೆಯುವ ಜಾಗಕ್ಕೇ ಗಡಿಗೆ ಅಡ್ಡವಾಗಿತ್ತು.

ಆ ಗುಡ್ಡಗಾಡಿನ ಹಕ್ಕಾ ಜನಕ್ಕೆ ಗಡಿಗೆಯ ಪದ್ಧತಿ ಹೇಳಿಕೊಡಬೇಕೆ? ಹೂತವರನ್ನು ಕೆಲವು ವರ್ಷಕ್ಕೆ ಅಗೆದು, ಮೂಳೆ ತೊಳೆದು, ಪಾದ ಮೊದಲು ಬುರುಡೆ ಕೊನೆಗೆ, ಕೂತ ಹಾಗೆ ಗಡಿಗೆಯಲ್ಲಿ ಜೋಡಿಸಬೇಕು. ಯಾನ್‌ಶೆಂಗನೂ ಹಕ್ಕಾದವನೇ. ಕೂಲಿಗಳು ಹಿಂಜರಿದಾಗ ತಾನೇ ಎತ್ತಿದ. ಗಡಿಗೆ ಜಾರಿ ಬಿರುಕು ಬಿಟ್ಟಿತು, ಮೂಳೆ ಚೆಲ್ಲಿದವು. ಕೈಗೆ ಮೊದಲು ಸಿಕ್ಕ ಬುರುಡೆಯನ್ನೇ ಮೊದಲು ಹಾಕಿ, ಮಿಕ್ಕಿದ್ದನ್ನು ಮೇಲೆ ತುರುಕಿದ. ಹಿರಿಯರನ್ನು ತಲೆಕೆಳಗು ಮಾಡುವ ಹಕ್ಕಾ ಎಲ್ಲಾದರೂ ಉಂಟೆ? ಇವನಿದ್ದ. ಗಡಿಗೆಯನ್ನು ಕೆಳಗಿನ ಇಳಿಜಾರಿನಲ್ಲಿ ಕಂಠದವರೆಗೆ ಹೂತು, ತೂತು ಕೊರೆಸಿ ನೀರು ಬಿಡಿಸಿದ.

ಮೂರನೆಯ ದಿನ ಮಟಮಟ ಮಧ್ಯಾಹ್ನ, ಗುಡ್ಡದ ಬುಡದ ಬಿಡಾರದ ಅಂಗಳದಲ್ಲಿ ಓಡುತ್ತಿದ್ದ ಅವನ ಐದು ವರ್ಷದ ಮಗಳು ಲಿಂಗ್‌ಯಾ ಕುಸಿದಳು.

“ಅಪ್ಪಾ, ಕಾಲು ನಿಲ್ತಿಲ್ಲ.”

ಎತ್ತಿ ನಿಲ್ಲಿಸಿದ. ಕುಸಿದಳು. ಮತ್ತೆ ನಿಲ್ಲಿಸಿದ. ಕಾಲು ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತು. ಅವಳ ಮೈಯಿಂದ ತೊಟ್ಟಿಯ ವಾಸನೆ, ಮೂಗು ಸುಡುವ ಹುಳಿ ವಾಸನೆ ಬರುತ್ತಿತ್ತು. ಮೊಣಕಾಲ ಚಿಪ್ಪು ಬೆರಳೊತ್ತಿದರೆ ಮೆತ್ತಗೆ ತಗ್ಗಿತು.

ಅವಳನ್ನು ಮಲಗಿಸಿ ಓಡಿದ. ಗುಡ್ಡ ಹತ್ತಿದ. ಜಾರಿದ. ಮತ್ತೆ ಹತ್ತಿದ. ಮಣ್ಣಿನೊಳಗೆ ಇಳಿಯುವ ಆಸಿಡ್ ನೀರಿನ ಗುಳುಗುಳು ಸದ್ದು. ಬುರುಡೆ ಮೇಲಿಟ್ಟರಾಯಿತು. ಅಷ್ಟೇ. ಅಷ್ಟೇ. ಮುಚ್ಚಳ ಕಿತ್ತ. ಒಳಗೆ ಕಪ್ಪು ಕತ್ತಲು. ಕೈ ಹಾಕಿದ. ಚರ್ಮ ಉರಿಯಿತು. ತೋಳು ಮುಳುಗುವವರೆಗೂ ತಡಕಿದ. ಒಂದು ಮೂಳೆಯೂ ಇಲ್ಲ. ಕೈಗೆ ಬಂದದ್ದು ಬಿಳಿ ಗಂಜಿ.

ಹಿಂದೆ ಮುದುಕಿ ನಿಂತಿದ್ದಳು.

“ಅಜ್ಜಿ, ತಪ್ಪಾಯ್ತು. ಮಗು ಏನು ಮಾಡಿತ್ತು ಪಾಪ. ಬಿಟ್ಬಿಡಿ ಅಂತ ಅವರಿಗೊಂದು ಮಾತು ಹೇಳಿ.”

ಅವಳ ಮುಖದಲ್ಲಿ ಕೋಪವಿರಲಿಲ್ಲ. ಅದೇ ಅವನನ್ನು ಹೆದರಿಸಿತು. ಅವಳು ಗಡಿಗೆಯೊಳಗೆ ಇಣುಕಿ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

“ನಾನು ಬಿಟ್ಟೆ ಮಗಾ. ಅವರಿಗೂ ಹೇಳ್ತಿದ್ದೆ. ಕೇಳಿಸ್ಕೊಳ್ಳೋಕೆ ಅವರನ್ನ ನೀನು ಉಳಿಸಿದ್ದೀಯಾ?”