ಮಿಂಚುಗರುವಿನ ಮಡಕೆ

ನಮ್ಮ ಅಜ್ಜಿಯರ ಅಜ್ಜಿಯರೂ ಹುಟ್ಟುವ ಮೊದಲು, ಬಿಳಿಮಣ್ಣಿನ ಗುಡ್ಡಗಳ ನಡುವೆ ಶ್ವೇತಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಒಳ್ಳೆಯವನೇ, ಆದರೆ ಮಾಂತ್ರಿಕ ಧೂಮಕೇಶಿಯ ಹೆಸರೆತ್ತಿದರೆ ಮಂಚದಡಿ ಸೇರುತ್ತಿದ್ದ. ಧೂಮಕೇಶಿಯ ಹತ್ತಿರ ಒಂದು ಮಿಂಚಿನ ಕರುವಿತ್ತು. ಅದು ಮುಟ್ಟಿದವರು ಕಲ್ಲಾಗುತ್ತಿದ್ದರು. ಕರುವನ್ನು ಸೆರೆಹಿಡಿದರೆ ಕಲ್ಲಾದವರು ಎದ್ದು ಬರುತ್ತಾರೆ. ಮೊದಲ ಮಳೆ ಬೀಳುವುದರೊಳಗೆ ಹಿಡಿಯದಿದ್ದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ.

ಕುಂಬಾರರ ಈರಮ್ಮನ ಗಂಡ ಹಾಲಪ್ಪ ಆ ಬೇಸಿಗೆಯಲ್ಲಿ ಕಲ್ಲಾದ. ಮಡಕೆ ಮಾಡುವ ತಿಗರಿಯ ಮುಂದೆ ಕೂತವನು ಕೂತ ಹಾಗೆಯೇ ಕಲ್ಲಾಗಿದ್ದ. ಈರಮ್ಮ ದಿನವೂ ಅವನ ಮೈಮೇಲಿನ ಧೂಳು ಒರೆಸಿ, ಅವನೊಂದಿಗೆ ನಾಲ್ಕು ಮಾತಾಡಿ ಕೆಲಸಕ್ಕೆ ಹೋಗುತ್ತಿದ್ದಳು.

ಕರುವಿಗೆ ಉಪ್ಪುನೀರೆಂದರೆ ಪ್ರಾಣ. ಮಿಂಚನ್ನು ತಡೆಯುವ ಗುಣ ಬಿಳಿಮಣ್ಣಿಗಿದೆ. ಇವೆರಡನ್ನೂ ಬಲ್ಲ ಈರಮ್ಮ ಬಿಳಿಮಣ್ಣಿನ ಮಡಕೆ ಮಾಡಿ, ಆವಿಗೆಯಲ್ಲಿ ಸುಟ್ಟು, ಉಪ್ಪುನೀರು ತುಂಬಿಟ್ಟಳು. ಕರು ಬಂದು ಒಳಗೆ ಧುಮುಕಿತು. ಆದರೆ ಹಟಮಾರಿ ಮಣ್ಣು ಎಷ್ಟು ಸೌದೆ ಒಟ್ಟಿದರೂ ಗಟ್ಟಿಯಾಗಿರಲಿಲ್ಲ. ಸಣ್ಣ ಸಣ್ಣ ತೂತುಗಳಿಂದ ಕರು ಸೋರಿಹೋಯಿತು, ಮಡಕೆ ಒಡೆಯಿತು. ಚೂರುಗಳನ್ನು ಆಯುವಾಗ ಅವಳಿಗೆ ಒಂದು ಕಡೆ ಮಾತ್ರ ಮಣ್ಣು ಬಿಗಿದು ಬೆಂದದ್ದು ಕಂಡಿತು. ಮಣ್ಣು ತುಳಿಯುವಾಗ ಯಾರದೋ ಬಳೆಯ ಚೂರು ಅಲ್ಲಿ ಸೇರಿತ್ತು. ಗಾಜು ಕರಗಿ ಸುತ್ತಲಿನ ಮಣ್ಣನ್ನು ಬೆಸೆದಿತ್ತು.

ಸುದ್ದಿ ಕೇಳಿ ಊರ ಹೆಂಗಸರು ಒಡೆದ ಬಳೆಗಳನ್ನು ಬುಟ್ಟಿಗಟ್ಟಲೆ ತಂದು ಸುರಿದರು. ಈರಮ್ಮನದೂ ಧಾರಾಳದ ಕೈ, ಪುಡಿಮಾಡಿ ಎಲ್ಲವನ್ನೂ ಕಲಸಿಬಿಟ್ಟಳು. ಎರಡನೆಯ ಮಡಕೆ ಸಣ್ಣ ಉರಿಗೇ ಬೆಂದು ಕನ್ನಡಿಯಂತೆ ಹೊಳೆಯಿತು. ಕರು ಒಳಗಿಳಿಯಿತು, ಒಂದು ಗಳಿಗೆ ನಿಂತಿತು, ಆಮೇಲೆ ಗಾಜಿನ ಎಳೆಗಳನ್ನೇ ದಾರಿ ಮಾಡಿಕೊಂಡು ಹೊರಟುಹೋಯಿತು.

ಗಾಜು ಹೆಚ್ಚಾದರೆ ಅದೇ ಮಿಂಚಿಗೆ ದಾರಿ; ಮಣ್ಣು ಬೆಸೆಯಲು ಬೇಕಾದದ್ದು ಒಂದು ಚಿಟಿಕೆ, ಅಷ್ಟೇ. ಊರಲ್ಲಿ ಒಡೆದ ಬಳೆಯ ಒಂದು ಚೂರೂ ಉಳಿದಿರಲಿಲ್ಲ. ಬಳೆಗಾರರು ಹೆದರಿ ಆ ಕಡೆ ಬರುವುದನ್ನೇ ಬಿಟ್ಟಿದ್ದರು. ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ಈರಮ್ಮ ತನ್ನ ಕೈಯ ಹಸಿರು ಬಳೆಗಳನ್ನು ನೋಡಿಕೊಂಡಳು.

ಅತ್ತೆ ತಿಪ್ಪವ್ವ ಅವಳ ಕೈ ಹಿಡಿದಳು. “ಬ್ಯಾಡ ಕಣವ್ವಾ. ನೀನು ಬಳೆ ಒಡೆದ್ರೆ ನನ್ ಮಗ ಸತ್ತ ಅಂತ ನಾವೇ ಒಪ್ಪಿಕೊಂಡಂಗಾಯ್ತದೆ.”

“ಅವರು ಎದ್ದು ಬರ್ಲಿ ಅಂತಲೇ ಒಡೀತಿರೋದು ಅತ್ತೆಮ್ಮಾ.”

ತಿಪ್ಪವ್ವ ಬಹಳ ಹೊತ್ತು ಮಗನ ಕಲ್ಲುಮುಖವನ್ನೇ ನೋಡಿದಳು. ಆಮೇಲೆ ತಾನೇ ಸೊಸೆಯ ಕೈಯಿಂದ ಒಂದೇ ಒಂದು ಬಳೆ ತೆಗೆದು ಒರಳಿಗೆ ಹಾಕಿದಳು. ಇಬ್ಬರಿಗೂ ಅಳು ಬಂತು, ಇಬ್ಬರೂ ಅತ್ತರು.

ಮೂರನೆಯ ಮಡಕೆಗೆ ಹೊಳಪಿರಲಿಲ್ಲ, ತಟ್ಟಿದರೆ ಗಂಟೆಯಂತೆ ನುಡಿಯಿತು. ಕರು ಧುಮುಕಿತು. ತೂತು ಹುಡುಕಿತು, ಇರಲಿಲ್ಲ. ಗಾಜಿನ ದಾರಿ ಹುಡುಕಿತು, ಅದೂ ಇರಲಿಲ್ಲ. ಕೊನೆಗೆ ಉಪ್ಪು ನೆಕ್ಕುತ್ತಾ ಮಲಗಿಬಿಟ್ಟಿತು. ಕರುವಿಲ್ಲದ ಧೂಮಕೇಶಿ ಬರೀ ಹೊಗೆಯಾಗಿ ಚದುರಿಹೋದ. ರಾಜ ಮಂಚದಡಿಯಿಂದ ಹೊರಗೆ ಬಂದ.

ಮೊದಲ ಹನಿ ಬೀಳುವಾಗ ಹಾಲಪ್ಪ ಕಣ್ಣುಬಿಟ್ಟ. ಹೆಂಡತಿಯ ಕೈ ನೋಡಿ, ಒಂದು ಬಳೆ ಕಡಿಮೆಯಿದೆಯಲ್ಲ ಎಂದ. ಅದು ಮಡಕೆಯಲ್ಲಿದೆ ಎಂದಳು ಈರಮ್ಮ.

ಆಮೇಲೆ ಶ್ವೇತಗಿರಿಯಲ್ಲಿ ಎಲ್ಲರೂ ತಣ್ಣಗೆ ಬಾಳಿದರು. ಅಲ್ಲಿಯ ಬಳೆಗಾರರು ಇಂದಿಗೂ ಕೈತುಂಬ ಬಳೆ ತೊಡಿಸಿದ ಮೇಲೆ ಒಂದು ಬಳೆ ಹೆಚ್ಚಿಗೆ ತೊಡಿಸುತ್ತಾರಂತೆ. ಯಾಕೆಂದು ಕೇಳಿದರೆ, ಇದು ಮಡಕೆಯ ಪಾಲು, ತಾಯೀ, ಜೋಪಾನ ಎನ್ನುತ್ತಾರಂತೆ.